ಹಳೆಯ ಪಟ್ಟಿ, ಹೊಸ ಹಾಳೆ

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಗಾಡಿ ಹತ್ತಿದಾಗ ಟಿ.ಸಿ. ಕೈಯಲ್ಲಿರುತ್ತಿದ್ದ ಉದ್ದನೆಯ ಕಾಗದದ ಚಾರ್ಟ್ ಪಾಲಕರಿಗೆ ನೆನಪಿರಬೇಕು. ಯಾವ ಬರ್ತ್ ಯಾರದು ಎಂಬ ಅಸಲು ಲೆಕ್ಕ ಇರುವುದು ರೇಲ್ವೆಯ ಕಂಪ್ಯೂಟರಿನಲ್ಲಿ. ಚಾರ್ಟು ಅದರ ನಕಲು, ಗಾಡಿ ಬಿಡುವ ಕೆಲವು ತಾಸು ಮೊದಲು ತೆಗೆದದ್ದು. ಒಬ್ಬೊಬ್ಬರಿಗೂ ಅಸಲನ್ನೇ ಕೇಳುತ್ತ ಹೋದರೆ ಧಾರವಾಡ ದಾಟಿದರೂ ಒಂದು ಡಬ್ಬಿ ಮುಗಿಯದು. ಆದರೆ ನಕಲು ತೆಗೆದ ಮೇಲೆ ಅಸಲಿನಲ್ಲಿ ಆದ ಬದಲಾವಣೆ ಕಾಗದಕ್ಕೆ ಗೊತ್ತಾಗುವುದಿಲ್ಲ. ಈಗ ಅನೇಕ ಗಾಡಿಗಳಲ್ಲಿ ಕೈಯಂತ್ರ ಬಂದು ಈ ತೊಂದರೆ ಕಡಿಮೆಯಾಗಿದೆ.

ಕಂಪ್ಯೂಟರಿನವರು ಇಂಥ ನಕಲಿಗೆ ಕ್ಯಾಶ್ ಎನ್ನುತ್ತಾರೆ. (ರೊಕ್ಕದ ಕ್ಯಾಶ್ ಅಲ್ಲ, ಉಚ್ಚಾರವಷ್ಟೇ ಒಂದು.) ಕ್ರಿಕೆಟ್ ಸ್ಕೋರಿನ ನಕಲು ಅರ್ಧ ನಿಮಿಷ ಹಳೆಯದಾದರೆ ಯಾರಿಗೂ ನಷ್ಟವಿಲ್ಲ. ಅನುಮತಿಯ ವಿಷಯ ಹಾಗಲ್ಲ.

ಗಣಿತದ ಮಾಸ್ತರರೊಬ್ಬರು ಗೂಗಲ್ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಇಟ್ಟಿದ್ದಾರೆ ಎನ್ನೋಣ. ಅಭ್ಯಾಸದ ಲೆಕ್ಕ ನೋಡಲು ಹತ್ತನೆಯ ತರಗತಿಯವರಿಗೆಲ್ಲ ಅನುಮತಿ ಇದೆ. ಪರೀಕ್ಷೆ ಬಂದಾಗ ಮಾಸ್ತರರು ಮೊದಲು ಮಕ್ಕಳ ಹೆಸರು ತೆಗೆದರು, ಆಮೇಲೆ ಪ್ರಶ್ನೆಪತ್ರಿಕೆಯನ್ನು ಅದೇ ಫೋಲ್ಡರಿಗೆ ಹಾಕಿದರು. ಆದರೆ ಎಲ್ಲೋ ದೂರದ ಒಂದು ಸರ್ವರು ಹೆಸರಿನ ಹಳೆಯ ಪಟ್ಟಿಯನ್ನೇ ಹಿಡಿದು ಕೂತಿದ್ದರೆ? ಪತ್ರಿಕೆ ಬಯಲಾಯಿತು!

ಗೂಗಲ್‌ನ ಇಂಜಿನಿಯರರು 2019ರ ಪ್ರಬಂಧವೊಂದರಲ್ಲಿ ಇದನ್ನು 'ಹೊಸ ಶತ್ರು' ಸಮಸ್ಯೆ ಎಂದು ಕರೆದರು. ಡ್ರೈವ್, ಯೂಟ್ಯೂಬ್ ಮೊದಲಾದವುಗಳ ಅನುಮತಿ ನೋಡಿಕೊಳ್ಳುವ ಅವರ ವ್ಯವಸ್ಥೆಯ ಹೆಸರು ಝಾಂಜಿಬಾರ್. ಅದರಲ್ಲಿ ಆಗಲೇ 2 ಲಕ್ಷ ಕೋಟಿಗೂ ಹೆಚ್ಚು ಅನುಮತಿಗಳಿದ್ದವು. ಸೆಕೆಂಡಿಗೆ 1 ಕೋಟಿಗೂ ಮಿಕ್ಕಿ ವಿಚಾರಣೆ ಬರುತ್ತಿತ್ತು. 100ರಲ್ಲಿ 95ಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗದೊಳಗೆ ಉತ್ತರ. ನಕಲು ಇಟ್ಟುಕೊಳ್ಳದೆ ಇಷ್ಟು ವೇಗ ಸಾಧ್ಯವೇ ಇಲ್ಲ.

ಅವರು ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ಹಾಳೆ ಹಾಕಿದಾಗ ಅಥವಾ ತಿದ್ದಿದಾಗ ಅದಕ್ಕೊಂದು ವೇಳೆಯ ಚೀಟಿ ಅಂಟಿಸುತ್ತಾರೆ. ಇದಕ್ಕೆ 'ಝೂಕಿ' ಎಂದು ಹೆಸರು. "ನನ್ನನ್ನು ತೋರಿಸುವ ಮುನ್ನ ಕನಿಷ್ಠ ಈ ಹೊತ್ತಿನ ಪಟ್ಟಿಯನ್ನಾದರೂ ನೋಡಿ" ಎಂದು ಚೀಟಿ ಹೇಳುತ್ತದೆ. ಅದಕ್ಕಿಂತ ಹೊಸ ಪಟ್ಟಿ ನಡೆದೀತು, ಹಳೆಯದು ನಡೆಯದು. ಹೀಗಾಗಿ ಇಂದಿನ ಪ್ರಶ್ನೆಪತ್ರಿಕೆಗೆ ಹೊಸ ಪಟ್ಟಿಯೇ ಬೇಕು. ಹೋದ ತಿಂಗಳ ಅಭ್ಯಾಸದ ಹಾಳೆಗೆ ಕೈಗೆ ಸಿಕ್ಕ ನಕಲು ಸಾಕು. ಎಲ್ಲಕ್ಕೂ ಒಂದೇ ಗಡುವು ಹಾಕಿದ್ದರೆ ವೇಗವಾದರೂ ಹೋಗುತ್ತಿತ್ತು, ಭದ್ರತೆಯಾದರೂ ಹೋಗುತ್ತಿತ್ತು.

ಮಾಸ್ತರರು ಮೊದಲು ಪತ್ರಿಕೆ ಹಾಕಿ ಆಮೇಲೆ ಹೆಸರು ತೆಗೆದರೆ ಮಾತ್ರ ಯಾವ ಚೀಟಿಯೂ ಕಾಯದು. ಇನ್ನು, ಹೆಸರು ತೆಗೆಸಿಕೊಂಡ ಹುಡುಗ ಹಳೆಯ ಹಾಳೆಯನ್ನು ಕೆಲವು ಸೆಕೆಂಡು ಹೆಚ್ಚಿಗೆ ನೋಡಿಯಾನು. ನೋಡಲಿ ಬಿಡಿ, ಆ ಲೆಕ್ಕಗಳನ್ನು ಅವನು ಮೊದಲೇ ಮಾಡಿರಬೇಕಿತ್ತು.