ಗುಜರಿಗೆ ಹೊರಟ ಬಸ್ಸು, ಕೈ ಅಡ್ಡ ಹಿಡಿದು ನಿಂತ ಜನ

ಕೊಕ್ಕನೂರಿನ ಆಂಜನೇಯನಿಗೆ ಶನಿವಾರ ಹಣ್ಣು-ಕಾಯಿ ಮಾಡಿಸಲು ಬರುವವರಿರಲಿ, ಅಲ್ಲಿಂದ ಮಲೇಬೆನ್ನೂರಿಗೋ ಹರಿಹರಕ್ಕೋ ಕಾಲೇಜಿಗೆ ಹೋಗುವ ಹುಡುಗ-ಹುಡುಗಿಯರಿರಲಿ, ಬಸ್ಸು ಹೊಸದೋ ಹಳೇದೋ ಅಂತ ಯಾರೂ ಕೇಳುವುದಿಲ್ಲ. ಬರುತ್ತದೋ ಇಲ್ಲವೋ, ಬಂದರೆ ಕಾಲಿಡಲು ಜಾಗ ಉಂಟೋ ಇಲ್ಲವೋ, ಅಷ್ಟೇ ಅವರ ಪ್ರಶ್ನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲಂತೂ ಸರ್ಕಾರಿ ಬಸ್ಸಿನ ಬಾಗಿಲಿಗೆ ಜೋತುಬೀಳುವುದು ದಿನನಿತ್ಯದ ಮಾತಾಗಿದೆ. ಇಂಥ ಹೊತ್ತಿನಲ್ಲಿ ಇನ್ನೂ ಓಡಬಲ್ಲ ಬಸ್ಸನ್ನು ವಯಸ್ಸಾಯ್ತು ಎಂದು ಗುಜರಿಗೆ ತಳ್ಳುವ ಕಾನೂನು ಯಾರ ತಲೆಯಲ್ಲಿ ಹುಟ್ಟಿತು?

ಹುಟ್ಟಿದ್ದು ದಿಲ್ಲಿಯಲ್ಲಿ. ಕೇಂದ್ರ ರಸ್ತೆ ಸಾರಿಗೆ ಮಂತ್ರಾಲಯ 2023ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿತು. ಅದೇ ಏಪ್ರಿಲ್ 1ರಿಂದ, 15 ವರ್ಷ ತುಂಬಿದ ಸರ್ಕಾರಿ ವಾಹನಗಳ ನೋಂದಣಿ ರದ್ದು. ಗಾಡಿ ನೇರ ನೋಂದಾಯಿತ ಗುಜರಿ ಕೇಂದ್ರಕ್ಕೆ. ಸಾರಿಗೆ ನಿಗಮಗಳ ಬಸ್ಸೂ ಇದರಲ್ಲೇ ಸೇರಿತು. ಎಂಜಿನ್ ಗಟ್ಟಿ ಇದೆಯೇ, ಚಾಸಿ ನೆಟ್ಟಗಿದೆಯೇ, ಬ್ರೇಕ್ ಹಿಡಿಯುತ್ತದೆಯೇ ಎಂದು ನೋಡುವ ಗೋಜೇ ಇಲ್ಲ. ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದರೆ ಕೆಲಸ ಮುಗೀತು.

ತಮಾಷೆ ಕೇಳಿ. ಈ ಅಧಿಸೂಚನೆ ಖಾಸಗಿ ಮಾಲೀಕರ ಗಾಡಿಗೆ ಅನ್ವಯಿಸುವುದಿಲ್ಲ. ಅವರದ್ದು ಎಫ್.ಸಿ. ಪರೀಕ್ಷೆಯ ಲೆಕ್ಕ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಬಸ್ಸು, ಲಾರಿಗಳ ಎಫ್.ಸಿ. ಶುಲ್ಕವನ್ನು 12,500 ರೂಪಾಯಿಗೆ ಏರಿಸಿದರು, ನಿಜ. ಆದರೂ ಗಾಡಿಯನ್ನು ನೋಡಿ ತೀರ್ಮಾನಿಸುವ ದಾರಿಯೊಂದು ಅವರಿಗೆ ಉಳಿಯಿತು. ಒಂದೇ ಕಾರ್ಖಾನೆಯಿಂದ ಒಂದೇ ದಿನ ಹೊರಬಿದ್ದ ಎರಡು ಬಸ್ಸುಗಳಲ್ಲಿ ಸಾಹುಕಾರನದ್ದಕ್ಕೆ ಪರೀಕ್ಷೆ, ಸರ್ಕಾರದ್ದಕ್ಕೆ ಗ್ಯಾಸ್ ಕಟರ್!

ಈ ಏಟು ಬೀಳುವುದು ಯಾರಿಗೆ? ಬೆಂಗಳೂರಿಗೆ ಹೋಗಿಬರುವ ಬಸ್ಸಿಗಲ್ಲ. ದಿನಕ್ಕೆ 400 ಕಿಲೋಮೀಟರ್ ಓಡುವ ಗಾಡಿ ಆರೇಳು ವರ್ಷಕ್ಕೇ ಎಂಟೊಂಬತ್ತು ಲಕ್ಷ ಕಿಲೋಮೀಟರ್ ಮುಗಿಸಿ ತಾನಾಗಿ ಸುಸ್ತಾಗುತ್ತದೆ. ಊರೊಳಗೆ ಸುತ್ತುವ ಸಿಟಿ ಬಸ್ಸು, ಹಳ್ಳಿಗೆ ಹೋಗಿಬರುವ ಬಸ್ಸು ಹಾಗಲ್ಲ. ದಿನಕ್ಕೆ 150 ಕಿಲೋಮೀಟರ್ ಎಂದು ಹಿಡಿದರೆ ವರ್ಷಕ್ಕೆ 55 ಸಾವಿರದ ಆಸುಪಾಸು, 15 ವರ್ಷಕ್ಕೆ 8 ಲಕ್ಷ ಚಿಲ್ಲರೆ. ಅದರಲ್ಲೂ ರಿಪೇರಿಗೆಂದು ಡಿಪೋದಲ್ಲಿ ನಿಂತ ದಿನಗಳನ್ನು ಕಳೆದರೆ ಇನ್ನೂ ಕಡಿಮೆ. ಕಿಲೋಮೀಟರ್ ಮುಗಿಯುವ ಮೊದಲೇ ವರ್ಷ ಮುಗಿಯುವುದು ಇಂಥ ಗಾಡಿಗೇ. ಅಂದರೆ ಕಾನೂನು ಮುಟ್ಟುವುದು ದಾವಣಗೆರೆ-ಹರಿಹರದ ನಡುವೆ ನಿತ್ಯ ಓಡಾಡುವವರನ್ನು, ಕೊಕ್ಕನೂರಿನಂಥ ಊರಿನವರನ್ನು.

ಹಳೇ ಗಾಡಿಯಿಂದ ಕೆಲಸ ತೆಗೆಯುವುದು ನಮ್ಮ ನಿಗಮಕ್ಕೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಕೊರೋನಾ ಕಾಲದಲ್ಲಿ ಹೊಸ ಬಸ್ಸು ಕೊಳ್ಳಲು ದುಡ್ಡಿಲ್ಲದೆ ಕೈ ಕಟ್ಟಿದಾಗ ಕೆ.ಎಸ್.ಆರ್.ಟಿ.ಸಿ. ತನ್ನ ಬೆಂಗಳೂರು, ಹಾಸನದ ಕಾರ್ಯಾಗಾರಗಳಲ್ಲಿ ಹಳೇ ಬಸ್ಸುಗಳ ತಗಡು ಬಿಚ್ಚಿ, ಹೊಸ ಕವಚ ಹೊದಿಸಿ, ನೆಲ-ಸೀಟು ಬದಲಿಸಿ ಮತ್ತೆ ರಸ್ತೆಗೆ ಬಿಟ್ಟಿತು. ಒಂದು ಹೊಸ ಬಸ್ಸಿಗೆ ಸುಮಾರು 40 ಲಕ್ಷ. ಈ ನವೀಕರಣಕ್ಕೆ ಸುಮಾರು 3 ಲಕ್ಷ. ಒಂದರ ದುಡ್ಡಿಗೆ ಹದಿಮೂರು! ಹೀಗೆ ಸಾವಿರಕ್ಕೂ ಮೇಲ್ಪಟ್ಟು ಬಸ್ಸುಗಳು ಮರುಜನ್ಮ ಪಡೆದವು. 2020ರಲ್ಲಿ ಇದೇ ನಿಗಮ ಹಳೇ ಬಸ್ಸೊಂದನ್ನು ಹೆಂಗಸರ ಶೌಚಾಲಯವಾಗಿ ಮಾಡಿ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿದ್ದೂ ಉಂಟು. ಆದರೆ 15 ತುಂಬಿದ ದಿನ ಈ ಎಲ್ಲ ಕೈಚಳಕಕ್ಕೂ ಬೀಗ.

ಹರಿಹರದವರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಅಲ್ಲಿ ತಯಾರಾದ ಲೇಥ್‌ಗಳು ಇನ್ನೂ ವರ್ಕ್‌ಶಾಪುಗಳಲ್ಲಿ ತಿರುಗುತ್ತಿವೆ. ಹುಟ್ಟಿದ ವರ್ಷ ನೋಡಿ ಅವನ್ನು ಯಾರೂ ತೂಕಕ್ಕೆ ಹಾಕಲಿಲ್ಲ.

ಹಾಗಂತ ಹಳೇದೆಲ್ಲ ಚಿನ್ನವಲ್ಲ. 2010ಕ್ಕೆ ಮುಂಚಿನ ಎಂಜಿನ್ ಉಗುಳುವ ಹೊಗೆಗೂ 2020ರ ನಂತರದ ಬಿ.ಎಸ್.-6 ಎಂಜಿನ್ನಿನ ಹೊಗೆಗೂ ಅಜಗಜಾಂತರ. ಆ ಹೊಗೆ ಕುಡಿಯುವವರೂ ನಮ್ಮ ಜನವೇ. ಸ್ಟೇರಿಂಗ್ ಆಡುವ, ನೆಲದಲ್ಲಿ ತೂತು ಬಿದ್ದು ರಸ್ತೆ ಕಾಣುವ ಬಸ್ಸು ಹತ್ತೇ ವರ್ಷದ್ದಾದರೂ ಗುಜರಿಗೆ ಹೋಗಲಿ, ಯಾರೂ ಅಳುವುದಿಲ್ಲ. ಕೇಳುತ್ತಿರುವುದು ಇಷ್ಟೇ: ಪರೀಕ್ಷೆ ಮಾಡಿ. ಹೊಗೆ ಅಳೆಯಿರಿ, ಬ್ರೇಕ್ ಒತ್ತಿ ನೋಡಿ, ಚಾಸಿ ಬಡಿದು ನೋಡಿ. ಪಾಸಾದರೆ ಓಡಲಿ, ಫೇಲಾದರೆ ಹೋಗಲಿ.

ಕೇಂದ್ರದ ಕಾನೂನನ್ನು ದಾವಣಗೆರೆಯಲ್ಲಿ ಕೂತು ತಿದ್ದಲಾಗದು. ಅದಕ್ಕೆ ನಮ್ಮ ಸಂಸದರು ದಿಲ್ಲಿಯಲ್ಲಿ ಬಾಯಿ ಬಿಡಬೇಕು. ಆದರೆ ಇಲ್ಲಿ ಆಗುವ ಕೆಲಸವೂ ಇದೆ. ಒಂದು ಹಳೇ ಬಸ್ಸು ಗುಜರಿಗೆ ಹೋಗುವ ದಿನವೇ ಅದೇ ರೂಟಿಗೆ ಇನ್ನೊಂದು ಬಸ್ಸು ನಿಂತಿರಬೇಕು. ಹಳೇದು ಹೋಯ್ತು, ಹೊಸದು ಬರ್ತದೆ ಎಂಬ ಸಬೂಬು ಬೇಡ. ಹರಾಜಿಗೆ ಮುಂಚೆ ಪ್ರತಿ ಬಸ್ಸಿನ ವರ್ಷ, ಓಡಿದ ಕಿಲೋಮೀಟರ್, ಕೊನೆಯ ಎಫ್.ಸಿ. ತಾರೀಖು, ಅದು ಓಡುತ್ತಿದ್ದ ರೂಟು, ಇಷ್ಟನ್ನು ಬರೆದು ಬಸ್ ಸ್ಟ್ಯಾಂಡಿನ ಬೋರ್ಡಿಗೆ ಹಚ್ಚಲಿ. ಒಂದು ಹಾಳೆ, ನಾಲ್ಕು ಗುಂಡುಪಿನ್ನು. ಇದಕ್ಕೆ ದಿಲ್ಲಿಯ ಅಪ್ಪಣೆ ಬೇಕಿಲ್ಲ.