ಡೌನ್‌ಲೋಡ್ ಬಟನ್ ಬೇಕು, ಸರಿ. ಆದ್ರೆ ಯಾವ ಪಿಡಿಎಫ್?

ನಮ್ಮಲ್ಲಿ ಓದು ಅಂದ್ರೆ ಪಿಡಿಎಫ್. ಇಂಟರ್ನಲ್ಸ್‌ಗೆ ಎರಡು ದಿನ ಇರೋವಾಗ ಗ್ರೂಪಿಗೆ ಬಂದು ಬೀಳೋ ಮಾಡ್ಯೂಲ್ ನೋಟ್ಸು, ವಿಟಿಯು ಹಳೆಯ ಪ್ರಶ್ನೆಪತ್ರಿಕೆ, ಲ್ಯಾಬ್ ಮ್ಯಾನ್ಯುಯಲ್, ಎಲ್ಲವೂ ಅದೇ. ಸುಬ್ರಹ್ಮಣ್ಯಪುರದ ಪಿಜಿಗಳಲ್ಲಿ ರಾತ್ರಿ ವೈಫೈ ಕೈಕೊಟ್ಟರೂ ಓದು ನಿಲ್ಲಲ್ಲ, ಯಾಕಂದ್ರೆ ಫೈಲು ಆಗಲೇ ಫೋನಿನಲ್ಲಿ ಕೂತಿರುತ್ತೆ. ಕನ್ನಡ ಲೇಖನಕ್ಕೆ ಮಾತ್ರ ಈ ಭಾಗ್ಯ ಇಲ್ಲ. ಲಿಂಕ್ ಕಳಿಸ್ತೀವಿ, ಅವರು ‘ಆಮೇಲೆ ಓದ್ತೀನಿ’ ಅಂತಾರೆ, ಅಲ್ಲಿಗೆ ಮುಗೀತು.

ಹಾಗಾಗಿ ನಮ್ಮ ಪತ್ರಿಕೆಯ ಪ್ರತಿ ಲೇಖನದ ಕೆಳಗೂ ಇಳಿಸಿಕೊಳ್ಳೋ ಪ್ರತಿ ಇರಲೇಬೇಕು ಅನ್ನೋದು ನಮ್ಮ ವಾದ. ಆಫ್‌ಲೈನ್ ಓದು ಒಂದು ಕಾರಣ, ಆದ್ರೆ ಅದು ಚಿಕ್ಕದು. ದೊಡ್ಡ ಕಾರಣ ಬೇರೆ ಇದೆ. ಕಾಲೇಜು ಸಂಘಗಳ ಜಾಲತಾಣದ ಆಯಸ್ಸು ಎಷ್ಟು? ಡೊಮೇನ್ ದುಡ್ಡು ಕಟ್ಟೋವರು ಇರೋವರೆಗೆ. ಪಾಸ್‌ವರ್ಡ್ ಸೀನಿಯರ್ ಜೊತೆಗೇ ಪಾಸ್‌ಔಟ್ ಆಗಿಬಿಡುತ್ತೆ. ನಮ್ಮಂಥವರ ಕಥೆ ಬಿಡಿ, ಯಾಹೂನಂಥ ಕಂಪನಿಯೇ 2009ರಲ್ಲಿ ಜಿಯೋಸಿಟೀಸ್ ಮುಚ್ಚಿದಾಗ ಲಕ್ಷಗಟ್ಟಲೆ ಪುಟಗಳು ಒಟ್ಟಿಗೆ ಹೋದವು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ತಾಣ ನಿಂತುಹೋದ ಮೇಲೂ ಅಲ್ಲಿ ಸ್ಕ್ಯಾನ್ ಆಗಿದ್ದ ಎಷ್ಟೋ ಕನ್ನಡ ಪುಸ್ತಕಗಳು ಇವತ್ತಿಗೂ ಸಿಗ್ತಿವೆ. ಯಾಕೆ? ಪ್ರತಿಗಳು ಇಂಟರ್ನೆಟ್ ಆರ್ಕೈವ್‌ಗೂ ಹೋಗಿದ್ದವು. ಒಂದೇ ಕಡೆ ಇರೋದು ಒಂದಿನ ಹೋಗುತ್ತೆ, ನಾಲ್ಕು ಕಡೆ ಇರೋದು ಉಳಿಯುತ್ತೆ. ಬ್ಯಾಕಪ್ ಬಗ್ಗೆ ನಮಗೇ ಪಾಠ ಹೇಳಬೇಕಾ?

ಇನ್ನು ಅಸಲಿ ವಿಷಯ. ಪಿಡಿಎಫ್ ಮಾಡೋದು ಸುಲಭ, ಕನ್ನಡದ ಒಳ್ಳೆ ಪಿಡಿಎಫ್ ಮಾಡೋದು ಅಷ್ಟು ಸುಲಭ ಅಲ್ಲ.

ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ ಯಾವುದಾದ್ರೂ ಪಿಡಿಎಫ್‌ನಿಂದ ‘ಕನ್ನಡ’ ಅನ್ನೋ ಪದ ಕಾಪಿ ಮಾಡಿ ನೋಡಿ. ಇಂಗ್ಲಿಷಿನ ಒಂದು ಪಿ, ತಲೆಯ ಮೇಲೆ ಗೀಟಿರೋ ಎ, ಪೌಂಡ್ ಚಿಹ್ನೆ, ಹೀಗೆ ಏನೇನೋ ಬರುತ್ತೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸಿದ್ದವು. ಆ ಕಾಲಕ್ಕೆ ಅದು ಜಾಣತನವೇ. ಡಿಟಿಪಿ ಲೋಕ ನಡೆದಿದ್ದೇ ಅದರಿಂದ, ಅವರನ್ನ ನಾವು ಬೈಯೋದಿಲ್ಲ. ಆದ್ರೆ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ 128 ಮನೆಗಳ ಸೈಟು ಸಿಕ್ಕಿದೆ. ಇನ್ನೂ ಇಂಗ್ಲಿಷ್ ಮನೆಯಲ್ಲಿ ಬಾಡಿಗೆಗೆ ಇರೋದು ಯಾಕೆ?

ಯೂನಿಕೋಡ್ ಬಳಸಿದ ಕೂಡಲೇ ಎಲ್ಲ ಸರಿಹೋಗುತ್ತಾ ಅಂದ್ರೆ, ಇಲ್ಲ. ಪಿಡಿಎಫ್ ಹುಟ್ಟಿದ್ದು 1993ರಲ್ಲಿ, ಪ್ರಿಂಟು ಎಲ್ಲ ಕಡೆ ಒಂದೇ ಥರ ಬರಲಿ ಅಂತ. ಅದು ಮುಖ್ಯವಾಗಿ ನೆನಪಿಡೋದು ಯಾವ ಆಕಾರ ಎಲ್ಲಿ ಕೂತಿದೆ ಅನ್ನೋದನ್ನ. ಆ ಆಕಾರ ಯಾವ ಅಕ್ಷರ ಅನ್ನೋಕೆ ಬೇರೊಂದು ಪಟ್ಟಿ ಇಟ್ಟುಕೊಳ್ಳುತ್ತೆ. ಇಂಗ್ಲಿಷಿಗೆ ಇಷ್ಟು ಸಾಕು. ಕನ್ನಡದಲ್ಲಿ ಅರ್ಕಾವತ್ತು ಓದೋದು ಮೊದಲು, ಕಾಣೋದು ಆಮೇಲೆ. ಒತ್ತಕ್ಷರ ಗುಣಿತದ ಕೆಳಗೆ ಕೂರುತ್ತೆ. ಆಕಾರಗಳನ್ನ ಕೂತ ಕ್ರಮದಲ್ಲೇ ಹೊರಗೆ ತೆಗೆದ್ರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತೆ. ಕಣ್ಣಿಗೆ ಪುಟ ಸರಿಯಾಗಿಯೇ ಕಾಣುತ್ತೆ, ಹುಡುಕಿದ್ರೆ ಮಾತ್ರ ಸಿಗಲ್ಲ. ನೂರು ಪುಟದ ಕಡತದಲ್ಲಿ ಕರ್ನಾಟಕವೇ ಇಲ್ಲ ಅನ್ನುತ್ತೆ ಸರ್ಚು! ಇದಕ್ಕೆ ಪರಿಹಾರವೂ ಪಿಡಿಎಫ್‌ನಲ್ಲೇ ಇದೆ: ಆಕಾರಗಳ ಗುಂಪಿಗೆ ಅದರ ನಿಜವಾದ ಪಠ್ಯವನ್ನ ಅಂಟಿಸಿಡೋ ‘ಆಕ್ಚುಯಲ್ ಟೆಕ್ಸ್ಟ್’ ಅನ್ನೋ ಸೌಲಭ್ಯ. ತಯಾರಿಸೋ ತಂತ್ರಾಂಶ ಅದನ್ನ ಬಳಸಬೇಕು, ಅಷ್ಟೇ.

ನಮ್ಮ ವೆಬ್ ಟೀಮಿನ ಗೆಳೆಯರು ಮೊದಲು ಕೈಹಾಕೋದು ಪುಟದ ಚಿತ್ರ ತೆಗೆದು ಪಿಡಿಎಫ್‌ಗೆ ಅಂಟಿಸೋ ಜಾವಾಸ್ಕ್ರಿಪ್ಟ್ ಲೈಬ್ರರಿಗಳಿಗೆ. ದಯವಿಟ್ಟು ಬೇಡ. ಹಾಗೆ ಮಾಡಿದ ಪಿಡಿಎಫ್ ಒಂದು ಫೋಟೋ. ಸೈಜು ಜಾಸ್ತಿ, ಜೂಮ್ ಮಾಡಿದ್ರೆ ಮಸುಕು, ಹುಡುಕೋಕೆ ಆಗಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಣ್ಣು ಕಾಣದ ಓದುಗರಿಗೆ ಅದು ಖಾಲಿ ಹಾಳೆ. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಇದೆ, ಅದರ ಜೊತೆ ಬರೋ ಇಸ್ಪೀಕ್ ಕನ್ನಡ ಓದುತ್ತೆ. ದನಿ ಸ್ವಲ್ಪ ರೋಬೋ ಥರ ಇರುತ್ತೆ, ಆದ್ರೂ ಓದುತ್ತೆ. ನಾವು ಚಿತ್ರ ಕೊಟ್ಟರೆ ಅದು ಸುಮ್ಮನಿರುತ್ತೆ, ಹಳೆ ನುಡಿ ಫಾಂಟ್ ಕೊಟ್ಟರೆ ಪಿ ಎ ಪೌಂಡ್ ಅಂತ ಒದರುತ್ತೆ. ಬ್ರೈಲ್ ಬಿಟ್ಟು ಬೇರೆ ದಾರಿ ಇಲ್ಲದಿದ್ದ ಕಾಲ ಹೋಗಿ ಇಷ್ಟು ವರ್ಷ ಆದ್ಮೇಲೂ ಬಾಗಿಲು ಹಾಕೋರು ನಾವೇ ಆದ್ರೆ ಹೇಗೆ?

ಒಳ್ಳೆ ಮಾದರಿ ನಮ್ಮ ಭಾಷೆಯಲ್ಲೇ ಇದೆ. ಕನ್ನಡ ವಿಕಿಸೋರ್ಸ್‌ಗೆ ಹೋಗಿ. ಅಲ್ಲಿನ ಕೃತಿಗಳನ್ನ ಪಿಡಿಎಫ್ ಆಗಿಯೂ ಇಳಿಸಿಕೊಳ್ಳಬಹುದು, ಇಪಬ್ ಆಗಿಯೂ ಇಳಿಸಿಕೊಳ್ಳಬಹುದು. ಈ ಇಪಬ್ ಅನ್ನೋದನ್ನ ನಮ್ಮ ಕ್ಯಾಂಪಸ್‌ನಲ್ಲಿ ಯಾರೂ ಲೆಕ್ಕಕ್ಕೇ ಇಟ್ಟಿಲ್ಲ. ಎ4 ಪಿಡಿಎಫ್ ಅನ್ನ ಫೋನಿನಲ್ಲಿ ಬೆರಳಲ್ಲಿ ಎಳೆದೂ ಎಳೆದೂ ಓದೋ ಕಷ್ಟ, ಮೆಟ್ರೋದಲ್ಲಿ ಕೋಣನಕುಂಟೆ ಕ್ರಾಸ್‌ನಿಂದ ನಿಂತೇ ಹೋಗೋರಿಗೆ ಗೊತ್ತು. ಇಪಬ್‌ನಲ್ಲಿ ಅಕ್ಷರ ದೊಡ್ಡದು ಮಾಡಿದ್ರೆ ಸಾಲು ತಾನಾಗಿ ಮುರಿದು ಕೂರುತ್ತೆ. ಒಳಗಡೆ ಇರೋದು ನಮಗೆ ಗೊತ್ತಿರೋ ಎಚ್‌ಟಿಎಮ್‌ಎಲ್ಲೇ, ಜಿಪ್ ಮಾಡಿದ್ದು. ಪ್ರಿಂಟ್ ತೆಗೆದು ಊರಿಗೆ ಒಯ್ಯೋಕೆ ಪಿಡಿಎಫ್, ಫೋನಿನಲ್ಲಿ ಓದೋಕೆ ಇಪಬ್. ಎರಡೂ ಇರಲಿ.

ಸಂಪಾದಕ ಮಂಡಳಿಯಲ್ಲಿ ಒಂದು ಆಕ್ಷೇಪ ಇದೆ. ಫೈಲ್ ಕೊಟ್ಟರೆ ತಾಣಕ್ಕೆ ಯಾರೂ ಬರಲ್ಲ, ವ್ಯೂಸ್ ಬೀಳುತ್ತೆ, ಬರೆದವರ ಹೆಸರು ಕತ್ತರಿಸಿ ಫಾರ್ವರ್ಡ್ ಮಾಡ್ತಾರೆ ಅಂತ. ವ್ಯೂಸ್ ಬಗ್ಗೆ ನಮಗೆ ಅಷ್ಟೇನೂ ಚಿಂತೆ ಇಲ್ಲ. ಜಾಹೀರಾತಿನ ದುಡ್ಡಲ್ಲಿ ನಡೆಯೋ ಪತ್ರಿಕೆ ಇದಲ್ಲ. ಹೆಸರಿನ ಮಾತು ಮಾತ್ರ ನಿಜ. ಬರೆದವಳಿಗೆ ಸಿಗೋ ಸಂಬಳ ಅದೊಂದೇ. ಆದ್ರೆ ಈಗಲೂ ಕತ್ತರಿಸ್ತಿದ್ದಾರಲ್ಲ? ಕಾಪಿ ಮಾಡಿ, ಹೆಸರು ಬಿಟ್ಟು, ಕೆಳಗೆ ‘ಸಂಗ್ರಹ’ ಅಂತ ಹಾಕಿ ವಾಟ್ಸ್ಆ್ಯಪ್‌ನಲ್ಲಿ ಹಂಚೋರಿಗೆ ಪಿಡಿಎಫ್ ಇಲ್ಲದಿರೋದು ಅಡ್ಡಿ ಆಗಿಲ್ಲ. ಹೆಸರು, ಸಂಚಿಕೆ, ತಾರೀಕು ಪ್ರತಿ ಪುಟದ ತಲೆಯಲ್ಲೇ ಇರೋ ಒಂದು ಫೈಲನ್ನ ನಾವೇ ಕೊಟ್ಟರೆ, ಸೋಮಾರಿ ಫಾರ್ವರ್ಡ್ ಮಾಡೋನು ಅದನ್ನೇ ಕಳಿಸ್ತಾನೆ. ಸೋಮಾರಿತನ ನಮ್ಮ ಕಡೆ ಇರುತ್ತೆ. ಒಂದು ಷರತ್ತು: ಬರೆದವರನ್ನ ಮೊದಲು ಕೇಳಬೇಕು. ಬೇಡ ಅಂದವರ ಕವಿತೆಗೆ ಬಟನ್ ಬೇಡ.

ಕೆಲಸ ಎಷ್ಟಾಗುತ್ತೆ? ಒಂದು ವೀಕೆಂಡಿನದ್ದು. ಪ್ರಿಂಟ್‌ಗೆ ಬೇರೆಯೇ ಸಿಎಸ್‌ಎಸ್ ಬರೆದು ಮೆನು, ಬಣ್ಣದ ಹಿನ್ನೆಲೆ ತೆಗೆಯೋದು. ನೋಟೋ ಸೆರಿಫ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್ ಒಳಗೇ ಸೇರಿಸೋದು. ಹೆಡ್‌ಲೆಸ್ ಕ್ರೋಮ್‌ನಿಂದ ಪಿಡಿಎಫ್, ಪ್ಯಾಂಡಾಕ್‌ನಿಂದ ಇಪಬ್. ಫೈಲಿಗೆ ಲೇಖನದ ಹೆಸರನ್ನೇ ಇಡಿ, ‘ಫೈನಲ್ ಫೈನಲ್ 2’ ಅಂತ ಬೇಡ. ಪ್ರಕಟಿಸೋ ಮುಂಚೆ ಯಾರಾದ್ರೂ ಒಬ್ಬರು ಅದನ್ನ ಫೋನಿನಲ್ಲಿ ತೆರೆದು, ಅರ್ಕಾವತ್ತು ಇರೋ ಒಂದು ಪದ ಹುಡುಕಿ ನೋಡಲಿ. ಸಿಕ್ಕಿದ್ರೆ ಹಾಕಿ, ಸಿಗದಿದ್ರೆ ವಾಪಸ್ ಕಳಿಸಿ. ಮುಂದಿನ ಸಂಚಿಕೆಯಿಂದ ಹೀಗೆ ಪರೀಕ್ಷೆ ಮಾಡೋಕೆ ನಮ್ಮಲ್ಲಿ ನಾಲ್ಕು ಜನ ರೆಡಿ ಇದ್ದೀವಿ. ಸಿಎಸ್‌ಎಸ್ ಬರೆಯೋರು ಇನ್ನೂ ಸಿಕ್ಕಿಲ್ಲ.