ಬೆಳಗಾದರೂ ಕಳಚದ ವೇಷ

ಮಲೆನಾಡಿನ ಕೊಯ್ಲಾದ ಗದ್ದೆಯಲ್ಲಿ ಯಕ್ಷಗಾನದ ರಂಗಸ್ಥಳ ಏಳುವ ರಾತ್ರಿ ಆ ಗದ್ದೆಗೆ ಬೇರೆಯೇ ಹೆಸರು. ಕೆಲಹೊತ್ತು ಅದು ಹಸ್ತಿನಾವತಿ, ಕೆಲಹೊತ್ತು ಲಂಕೆ. ಕುಣಿಯುವವರಿಗೂ ಕುಳಿತು ನೋಡುವವರಿಗೂ ಅದು ಆಟವೆಂಬುದು ಗೊತ್ತು. ಮಂಗಳ ಹಾಡಿದ ಮೇಲೆ ಚೌಕಿಯಲ್ಲಿ ಬಣ್ಣ ತೆಗೆಯಲಾಗುತ್ತದೆ, ಕಂಬಗಳು ಬಂಡಿ ಏರುತ್ತವೆ, ಮುಂಗಾರು ಬಂದಾಗ ಅದೇ ಮಣ್ಣಿನಲ್ಲಿ ನೇಗಿಲು ನಡೆಯುತ್ತದೆ. 1980ರ ದಶಕದಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗಾಗಿ ಆಗುಂಬೆಯನ್ನು ಮಾಲ್ಗುಡಿಯಾಗಿಸಿದಾಗಲೂ ನಡೆದದ್ದು ಇಷ್ಟೇ. ತಂಡ ಹಿಂದಿರುಗಿತು, ಆಗುಂಬೆ ತನ್ನ ಮಳೆ, ತನ್ನ ಇಂಬಳಗಳೊಂದಿಗೆ ಆಗುಂಬೆಯಾಗಿಯೇ ಉಳಿಯಿತು.

ಒಂದು ದಿನದ ಮಟ್ಟಿಗೆ ದೂರದ ನಾಡೊಂದರಲ್ಲಿ ಇರುವಂತೆ ಭಾವಿಸಿಕೊಳ್ಳುವುದು ಮನುಷ್ಯನ ಹಳೆಯ ಹಂಬಲ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ವೇಷವನ್ನು ಮನುಷ್ಯ ತಾನು ತೊಡುವ ಬದಲು ನೆಲಕ್ಕೆ ತೊಡಿಸಿದರೆ, ತೊಡಿಸಿದವನು ಹೊರಟುಹೋದ ಮೇಲೂ ಅದು ಕಳಚುವುದಿಲ್ಲ. ಇದಕ್ಕೆ ಸಾಕ್ಷಿ ಬೇಕಿದ್ದವರು ಬಂಡೀಪುರ ದಾಟಿ ನೀಲಗಿರಿಯ ಘಾಟಿ ಹತ್ತಿದರೆ ಸಾಕು.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಈ ಬೆಟ್ಟವನ್ನು ಏರಿದಾಗ ಅದು ನಿರ್ಜನವಾಗಿರಲಿಲ್ಲ. ತೋಡರ ಎಮ್ಮೆಗಳು ಮೇಯುವ ಹುಲ್ಲುಗಾವಲು, ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬಡಗರ ಹೊಲ, ಕೋತರ ಕುಲುಮೆ, ಕಣಿವೆಯ ಮಡಿಲಲ್ಲಿ ಶೋಲಾ ಕಾಡು, ಇವೆಲ್ಲ ಅಲ್ಲಿದ್ದವು. ಬಯಲಿನ ಬಿಸಿಲಿಗೆ ಬೆಂದಿದ್ದ ಆಂಗ್ಲರಿಗೆ ಮಾತ್ರ ಅಲ್ಲಿ ಕಂಡದ್ದು ತಮ್ಮ ತವರು. ತೊರೆಗೆ ಅಡ್ಡಕಟ್ಟೆ ಹಾಕಿ ಕೆರೆ ನಿರ್ಮಿಸಿದರು, ಚರ್ಚು ಕಟ್ಟಿದರು, ತಮ್ಮೂರಿನ ಹೂಗಿಡಗಳನ್ನು ತರಿಸಿ ನೆಟ್ಟರು. ಇಂಗ್ಲೆಂಡಿನಂತೆಯೇ ಕುದುರೆಯೇರಿ, ನಾಯಿಗಳ ಹಿಂಡು ಬಿಟ್ಟು ಬೇಟೆಯಾಡಿದರು. ಅಲ್ಲಿ ಆ ಬೇಟೆಗೆ ಬೇಕಾದ ನರಿ ಇರಲಿಲ್ಲ. ನರಿಯ ಪಾತ್ರವನ್ನು ಬೆಟ್ಟದ ಗುಳ್ಳೆನರಿ ವಹಿಸಬೇಕಾಯಿತು!

ಇದು ನಗೆಯ ಸಂಗತಿ. ಮುಂದಿನದು ಹಾಗಲ್ಲ. ಹೊಸ ಪಟ್ಟಣದ ಬೆಂಕಿಗೂಡುಗಳು ಶೋಲಾ ಕಾಡನ್ನು ಸೌದೆಯಾಗಿ ನುಂಗತೊಡಗಿದಾಗ, ಅದಕ್ಕೆ ಬದಲಾಗಿ ಆಸ್ಟ್ರೇಲಿಯಾದಿಂದ ಬೇಗ ಬೆಳೆಯುವ ಮರಗಳು ಬಂದವು. ವಾಟಲ್ ಬಂತು, ಯೂಕಲಿಪ್ಟಸ್ ಬಂತು. ಇಪ್ಪತ್ತನೆಯ ಶತಮಾನದಲ್ಲಿ ಚರ್ಮ ಹದ ಮಾಡಲು ವಾಟಲ್ ತೊಗಟೆಯೂ, ರೇಯಾನ್ ನೂಲಿಗೆ ಯೂಕಲಿಪ್ಟಸ್ ತಿರುಳೂ ಬೇಕಾದುದರಿಂದ ಹುಲ್ಲುಗಾವಲಿನ ಮೇಲೆ ನೆಡುತೋಪುಗಳು ಹಬ್ಬಿದವು. ಹುಲ್ಲನ್ನು ಪಾಳು ಭೂಮಿ ಎಂದು ಬಗೆದ ಆ ಕಾಲದ ಅರಣ್ಯಶಾಸ್ತ್ರಕ್ಕೆ ಅಲ್ಲಿ ಏನು ಅಳಿಯುತ್ತಿದೆ ಎಂಬುದು ಕಾಣಲಿಲ್ಲ. ತಮ್ಮ ಗುಡಿಗಳ ಛಾವಣಿಗೆ ಬೇಕಾದ ಜೌಗಿನ ಹುಲ್ಲು ತೋಡರಿಗೆ ಅಪರೂಪವಾಗುತ್ತ ಹೋಯಿತು.

ಕನ್ನಡಿಗರು ಇಲ್ಲೊಂದು ಕ್ಷಣ ನಿಂತು ಯೋಚಿಸಬೇಕು. ಈ ಪರದೇಶಿ ಮರಕ್ಕೆ ಕನ್ನಡದಲ್ಲಿ ಇರುವ ಹೆಸರೇ ‘ನೀಲಗಿರಿ’. ಹೊಲದ ಅಂಚಿನಲ್ಲಿ ನೆಡುವುದು ನೀಲಗಿರಿ, ನೆಗಡಿಗೆ ಹಚ್ಚುವುದು ನೀಲಗಿರಿ ಎಣ್ಣೆ. ಬೆಟ್ಟದ ಮೈಯನ್ನು ಆವರಿಸಿದ ಮರವು ಬೆಟ್ಟದ ಹೆಸರನ್ನೂ ತನ್ನದಾಗಿಸಿಕೊಂಡಿತು. ವೇಷವೇ ಮುಖವಾಗುವುದೆಂದರೆ ಇದು.

ಮುಖ ಬದಲಾದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಉತ್ತರ ನೀರಿನಲ್ಲಿದೆ. ಊಟಿಯ ಸಮೀಪದ ಗ್ಲೆನ್‌ಮಾರ್ಗನ್‌ನಲ್ಲಿ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಕ್ಕಪಕ್ಕದ ಎರಡು ಜಲಾನಯನಗಳನ್ನು ವರ್ಷಗಟ್ಟಲೆ ಅಳೆದರು. ಒಂದನ್ನು ಹುಲ್ಲು ಮತ್ತು ಶೋಲಾ ಇದ್ದ ಹಾಗೆಯೇ ಬಿಟ್ಟರು, ಇನ್ನೊಂದರ ಅರ್ಧಕ್ಕಿಂತ ತುಸು ಹೆಚ್ಚು ಭಾಗದಲ್ಲಿ ಯೂಕಲಿಪ್ಟಸ್ ನೆಟ್ಟರು. ಹತ್ತು ವರ್ಷಗಳ ಮೊದಲ ಸರದಿಯಲ್ಲಿ ನೆಡುತೋಪಿನ ತೊರೆಯ ವಾರ್ಷಿಕ ನೀರು ಸುಮಾರು ಶೇ. 16ರಷ್ಟು ಇಳಿಯಿತು. ಕಡಿದ ಬುಡಗಳು ಮತ್ತೆ ಚಿಗುರಿ ಬೆಳೆದ ಎರಡನೆಯ ಸರದಿಯಲ್ಲಿ ಇಳಿಕೆ ಸುಮಾರು ಶೇ. 25ಕ್ಕೆ ತಲುಪಿತು. ಮಳೆಗಾಲದ ನೀರನ್ನು ಹುಲ್ಲುಗಾವಲಿನ ಮಣ್ಣು ಹೀರಿಟ್ಟು ಬೇಸಿಗೆಯಲ್ಲಿ ನಿಧಾನವಾಗಿ ಬಿಡುತ್ತದೆ; ಆಳಕ್ಕೆ ಬೇರಿಳಿಸಿ ವರ್ಷವಿಡೀ ಹಸಿರಾಗಿರುವ ಮರ ಆ ಉಳಿತಾಯವನ್ನೇ ಕುಡಿಯುತ್ತದೆ. ಈ ತೊರೆಗಳು ಮೋಯಾರ್, ಭವಾನಿ ನದಿಗಳ ಮೂಲಕ ಕಾವೇರಿಗೆ ಸೇರುತ್ತವೆ. ಎರಡು ನೂರು ವರ್ಷಗಳ ಹಿಂದೆ ಆರಂಭವಾದ ಆಟದ ವೆಚ್ಚವನ್ನು ಬಯಲಿನ ರೈತರೂ ಭರಿಸುತ್ತಿದ್ದಾರೆ.

ಆಂಗ್ಲರು ಹೋದರು, ಆಟ ನಿಲ್ಲಲಿಲ್ಲ. ಸಿನಿಮಾದವರಿಗೆ ಊಟಿಯ ಇಳಿಜಾರುಗಳು ಕಾಶ್ಮೀರವೋ ಸ್ವಿಟ್ಜರ್ಲೆಂಡೋ ಆದವು. ಬೆಳಿಗ್ಗೆ ಹತ್ತಿ ಸಂಜೆ ಇಳಿಯುವ ಪ್ರವಾಸಿಗೂ ಅದೇ ಕನಸು. ವಾಹನಗಳ ಒತ್ತಡ ಮಿತಿಮೀರಿದಾಗ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಜಾರಿಗೆ ಬಂತು. 2025ರ ಏಪ್ರಿಲ್‌ನಲ್ಲಿ ವಾರದ ದಿನಗಳಿಗೆ 6,000, ವಾರಾಂತ್ಯಕ್ಕೆ 8,000 ವಾಹನಗಳ ಮಿತಿಯನ್ನೂ ವಿಧಿಸಲಾಯಿತು. ಇತ್ತ ಅರಣ್ಯ ಇಲಾಖೆ ವಾಟಲ್ ಕಿತ್ತು ಹುಲ್ಲನ್ನು ಮರಳಿ ತರಲು ಹೆಣಗುತ್ತಿದೆ. ಕಡಿದಲ್ಲಿ ಚಿಗುರುವ, ಮಣ್ಣಿನಲ್ಲಿ ದಶಕಗಳ ಕಾಲ ಬೀಜ ಜೀವಂತವಾಗಿ ಉಳಿಯುವ ಗಿಡ ಅದು. ತೊಡಿಸುವುದು ಸುಲಭ, ಕಳಚುವುದು ತಲೆಮಾರುಗಳ ಕೆಲಸ.

ಈ ಕಥೆ ನೀಲಗಿರಿಯೊಂದರದೇ ಆಗಿದ್ದರೆ ಕೇಳಿ ಮರೆಯಬಹುದಿತ್ತು. ಕೊಡಗನ್ನು ‘ಭಾರತದ ಸ್ಕಾಟ್ಲೆಂಡ್’ ಎಂದೂ, ಆಗುಂಬೆಯನ್ನು ‘ದಕ್ಷಿಣದ ಚಿರಾಪುಂಜಿ’ ಎಂದೂ ಕರೆಯುವುದು ಇಂದಿಗೂ ಹೆಮ್ಮೆಯ ಮಾತಾಗಿದೆ. 1980ರ ದಶಕದಿಂದೀಚೆಗೆ ಮಲೆನಾಡಿನ ಎಷ್ಟೋ ಬೇಣ, ಗೋಮಾಳಗಳು ಹಸಿರೀಕರಣದ ಹೆಸರಿನಲ್ಲಿ ಅಕೇಶಿಯಾ ತೋಪುಗಳಾದವು. ಈಗ ಗುಡ್ಡದ ನೆತ್ತಿ ಸವರಿ, ಯಂತ್ರದಿಂದ ಸಮಮಾಡಿ, ಗಾಜಿನ ಮನೆಯನ್ನೂ ಕತ್ತರಿಸಿದ ಹುಲ್ಲಿನ ಹಾಸನ್ನೂ ನಿರ್ಮಿಸುವ ಉತ್ಸಾಹ ಬಂದಿದೆ. ಬಂದವರು ಒಂದು ರಾತ್ರಿ ಯೂರೋಪಿನಲ್ಲಿ ಇದ್ದಂತೆ ಮಲಗಿ ಹೋಗುತ್ತಾರೆ. ಸವರಿದ ಗುಡ್ಡದ ಕೆಳಗೆ ಮಳೆಗಾಲ ಕಳೆಯಬೇಕಾದವರು ಊರಿನವರು. ಇಳಿಜಾರಿನ ಮಣ್ಣು ಸಡಿಲವಾದರೆ ಏನಾಗುತ್ತದೆ ಎಂಬುದನ್ನು ಕೊಡಗು 2018ರ ಆಗಸ್ಟ್‌ನಲ್ಲಿ ಕಂಡಿದೆ.

ಅಡಿಕೆಗೆ ರೋಗ, ಕಾಫಿಗೆ ಅಕಾಲಿಕ ಮಳೆ, ಮಕ್ಕಳು ನಗರಕ್ಕೆ. ಇಂಥ ದಿನಗಳಲ್ಲಿ ಹೋಂಸ್ಟೇಯ ಆದಾಯ ಬೇಡವೆನ್ನುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅತಿಥಿ ಬರಲಿ. ಆದರೆ ಆತ ಬರುವುದು ಮಲೆನಾಡಿಗೆ ಎಂಬುದು ಅವನಿಗೂ ಮನೆಯವರಿಗೂ ನೆನಪಿರಲಿ. ಹೆಂಚಿನ ಮನೆಯ ಜಗಲಿ, ಕಾನಿನ ಒಳಗಿನ ತಂಪು, ಅಬ್ಬಿಯಿಂದ ಹರಿದು ಬರುವ ನೀರು, ಕಳಲೆಯ ಪಲ್ಯ, ಇವು ಬೇರಾವ ದೇಶದ ಹೆಸರಿನ ಆಸರೆಯನ್ನೂ ಬೇಡುವುದಿಲ್ಲ. ಹೊಸ ಕಟ್ಟಡಕ್ಕೆ ಅನುಮತಿ ಕೇಳಿ ಅರ್ಜಿ ಬಂದಾಗ ಗ್ರಾಮಸಭೆ ಒಂದು ಪ್ರಶ್ನೆ ಕೇಳಲಿ: ಈ ಗುಡ್ಡದಿಂದ ಯಾರ ಬಾವಿಗೆ, ಯಾರ ತೋಟಕ್ಕೆ ನೀರು ಇಳಿಯುತ್ತಿದೆ?

ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ರಜೆಯ ಒಂದು ದಿನ ಅವರು ದೂರದಿಂದ ಬಂದ ಅಪರಿಚಿತರಂತೆ ತಮ್ಮದೇ ಊರಿನ ಬೇಣಕ್ಕೆ ಹೋಗಲಿ. ಏನೂ ಗೊತ್ತಿಲ್ಲದವರಂತೆ ಅಜ್ಜಿಯರನ್ನೂ ದನ ಕಾಯುವವರನ್ನೂ ಕೇಳಿ, ಅಲ್ಲಿನ ಹತ್ತು ಹುಲ್ಲುಗಳ ಹೆಸರನ್ನೂ ತೊರೆ ಹುಟ್ಟುವ ಜಾಗವನ್ನೂ ಬರೆದುಕೊಳ್ಳಲಿ. ಸಂಜೆಗೆ ಆ ವೇಷ ಕಳಚಿ ಮನೆಗೆ ಬರುವಾಗ ಅವರ ಕೈಯಲ್ಲಿ ಊರಿನದೇ ಹೆಸರುಗಳಿರುತ್ತವೆ. ಹೆಸರು ಬಲ್ಲವರಿರುವ ಬೆಟ್ಟಕ್ಕೆ ಪರರ ಹೆಸರು ಅಂಟಿಸುವುದು ಅಷ್ಟು ಸುಲಭವಲ್ಲ.